ಸೆಕ್ಷನ್ 7 ನೋಡಿ

ನಮ್ಮ ಟೀಮಲ್ಲಿ ಎಚ್‌ಎಮ್‌ಸಿ ಸೆಕ್ಯುರಿಟಿ ಅಂತ ಒಂದು ಡಾಕ್ಯುಮೆಂಟ್ ಇದೆ. ಅದ್ರಲ್ಲಿ ಎಲ್ಲೆಲ್ಲಿ ವಿಷಯ ಸ್ವಲ್ಪ ಗಂಭೀರ ಆಗತ್ತೋ ಅಲ್ಲಲ್ಲಿ "ವಿವರಗಳಿಗೆ ಸೆಕ್ಷನ್ 7 ನೋಡಿ" ಅಂತ ಬರೆದಿದ್ದಾರೆ. ಡಾಕ್ಯುಮೆಂಟ್ ಇರೋದು ಆರೇ ಸೆಕ್ಷನ್ನು.

ಎಚ್‌ಎಮ್‌ಸಿ ಅಂದ್ರೆ ಹಾರ್ಡ್‌ವೇರ್ ಮ್ಯಾನೇಜ್‌ಮೆಂಟ್ ಕನ್ಸೋಲ್. 1964ರಲ್ಲಿ ಐಬಿಎಮ್ ಸಿಸ್ಟಮ್/360 ಅಂತ ತಂತಲ್ಲ, ಅದೇ ವಂಶದ ಮೇನ್‌ಫ್ರೇಮ್‌ಗಳು ಇವತ್ತಿಗೂ ಬ್ಯಾಂಕು ಇನ್ಶೂರೆನ್ಸು ಅಂತ ಓಡ್ತಾನೇ ಇವೆ, ಆ ದೊಡ್ಡ ಮಷೀನನ್ನ ಆನ್ ಮಾಡೋಕೆ ಆಫ್ ಮಾಡೋಕೆ, ಎಲ್‌ಪಾರ್ ಅಂತ ಪಾಲು ಮಾಡಿ ಒಂದೊಂದಕ್ಕೂ ಪ್ರೊಸೆಸರ್ ಮೆಮೊರಿ ಹಂಚೋಕೆ, ಐಪಿಎಲ್ ಮಾಡೋಕೆ (ಕ್ರಿಕೆಟ್ ಅಲ್ಲ, ಬೂಟ್ ಮಾಡೋದು) ಇರೋ ಸಣ್ಣ ಕಂಪ್ಯೂಟರೇ ಇದು. ಮೇನ್‌ಫ್ರೇಮ್ ಒಳಗಡೆ ಯಾರು ಯಾವ ಫೈಲ್ ಮುಟ್ಟಬಹುದು ಅಂತ ಕಾಯೋಕೆ ರ‍್ಯಾಕ್‌ಎಫ್ ಅನ್ನೋ ಸಾಫ್ಟ್‌ವೇರ್ ಇದೆ, ಅದರ ಬಗ್ಗೆ ಓದೋಕೆ ದಪ್ಪ ದಪ್ಪ ಮ್ಯಾನ್ಯುವಲ್ ಇವೆ. ಎಚ್‌ಎಮ್‌ಸಿ ಅದರ ಕೈಗೆ ಸಿಗಲ್ಲ, ಅದರದ್ದು ಬೇರೆ ಸಂಸಾರ, ಬೇರೆ ಯೂಸರ್ ಐಡಿ, ಬೇರೆ ಪಾಸ್‌ವರ್ಡು. ಒಳಗೆ ಒಂದು ಪೇರೋಲ್ ಫೈಲ್ ಓದ್ಬೇಕು ಅಂದ್ರೆ ಮೇಲಿನೋರ ಮೇಲಿನೋರದ್ದೂ ಅಪ್ರೂವಲ್ ಬೇಕು. ಹೊರಗೆ ಡಿಆಕ್ಟಿವೇಟ್ ಅಂತ ಒಂದು ಟಾಸ್ಕ್ ಇದೆ, ಅದನ್ನ ಕೊಟ್ರೆ ಮಷೀನೇ ನಿಲ್ಲತ್ತೆ, ಫೈಲೂ ಇಲ್ಲ ಪೇರೋಲೂ ಇಲ್ಲ.

ಇಷ್ಟು ಪವರ್ ಇರೋ ವಸ್ತು ಬಗ್ಗೆ ನಮ್ಮ ಡಾಕ್ಯುಮೆಂಟ್ ಅತ್ಯಂತ ವಿವರವಾಗಿ ಹೇಳೋದು ಬಾಗಿಲಿನ ವಿಷಯ. "ಎಚ್‌ಎಮ್‌ಸಿಯನ್ನು ಬೀಗ ಹಾಕಿದ ಕೋಣೆಯಲ್ಲಿ ಇಡತಕ್ಕದ್ದು." ಬೀಗ ಎಂಥದ್ದು, ಕೀ ಯಾರ ಹತ್ರ, ರಿಜಿಸ್ಟರಲ್ಲಿ ಯಾರು ಸೈನ್ ಮಾಡ್ಬೇಕು, ಎಲ್ಲಾ ಇದೆ. ಬರೆದ ಕಾಲಕ್ಕೆ ಅದು ಸರೀನೇ, ಆಗ ಆ ಕೋಣೆಗೆ ಹೋದ್ರೇನೇ ಕೆಲಸ. ಈಗ ಎಚ್‌ಎಮ್‌ಸಿ ಬ್ರೌಸರಲ್ಲಿ ಓಪನ್ ಆಗತ್ತೆ, ಕೋಣೆ ಅಮೆರಿಕಾದಲ್ಲಿದೆ, ನಾವು ಬೆಂಗಳೂರಲ್ಲಿ ನೈಟ್ ಶಿಫ್ಟಲ್ಲಿ ಮಿಕ್ಸ್ಚರ್ ತಿಂತಾ ಲಾಗಿನ್ ಆಗ್ತೀವಿ. ಬೀಗ ಮಾತ್ರ ಭದ್ರವಾಗಿದೆ, ಅದರ ಫೋಟೋ ಪ್ರತಿ ಆಡಿಟ್‌ಗೂ ಕಳಿಸ್ತಾರೆ.

ಇನ್ನೊಂದು ಮೋಡೆಮ್ (ಫೋನ್ ಲೈನಲ್ಲಿ ಕಂಪ್ಯೂಟರ್ ಜೋಡಿಸೋ ಡಬ್ಬಿ) ಪ್ಯಾರಾ. ಅಮೆರಿಕಾದ ಡಿಫೆನ್ಸ್‌ನೋರು ಎಚ್‌ಎಮ್‌ಸಿಗೆ ಅಂತಾನೇ ಒಂದು ಚೆಕ್‌ಲಿಸ್ಟ್ ಮಾಡಿದ್ದಾರೆ, ಸ್ಟಿಗ್ ಅಂತಾರೆ, ಅದ್ರಲ್ಲಿ ಸುರಕ್ಷಿತ ಜಾಗದಲ್ಲಿಡಿ, ಜೊತೆಗೆ ಬಂದ ಪಾಸ್‌ವರ್ಡ್ ಬದಲಾಯಿಸಿ, ಹೊರಗಿಂದ ಕಾಲ್ ಬಂದ್ರೆ ತಾನೇ ಎತ್ತೋ ಹಾಗೆ ಇಡಬೇಡಿ, ಇಂಥವೆಲ್ಲ ಇವೆ. ನಮ್ಮೋರು ಅದನ್ನ ಇಳಿಸ್ಕೊಳ್ಳುವಾಗ ಕಾಲ್ ಎತ್ತೋದನ್ನ ಪೂರ್ತಿ ಇಳಿಸ್ಕೊಂಡು, ಪಾಸ್‌ವರ್ಡ್ ವಿಷಯಕ್ಕೆ "ಸೆಕ್ಷನ್ 7 ನೋಡಿ" ಅಂತ ಹಾಕಿ ಎದ್ದು ಹೋಗಿದ್ದಾರೆ. ಮೋಡೆಮ್ ತೆಗೆದು ಯಾವ ಕಾಲ ಆಯ್ತೋ, ಆದ್ರೂ ಇಲ್ಲದ ಮೋಡೆಮ್ಮು ಈ ವರ್ಷವೂ ಫೋನ್ ಎತ್ತಿಲ್ಲ ಅಂತ ನಾವು ಸೈನ್ ಹಾಕಿ ಕೊಡ್ತೀವಿ. ಇನ್ನು ಆ ಜೊತೆಗೆ ಬರೋ ಪಾಸ್‌ವರ್ಡ್ ಏನು ಗೊತ್ತಾ, ಹಳೇ ಮಷೀನ್‌ಗಳಲ್ಲಿ ಪಾಸ್‌ವರ್ಡ್ ಅನ್ನೋ ಪದವೇ ಪಾಸ್‌ವರ್ಡು, ಮ್ಯಾನ್ಯುವಲಲ್ಲೇ ಅಚ್ಚಾಗಿದೆ.

ಈ ಸಲ ಬಂದ ಆಡಿಟರ್ ಮೇಡಂ ಸ್ವಲ್ಪ ಚುರುಕು, ಬಾಗಿಲ ಫೋಟೋ ಪಕ್ಕಕ್ಕಿಟ್ಟು, ಯಾವ ಐಡಿ ಯಾವಾಗ ಲಾಗಿನ್ ಆಯ್ತು ಅನ್ನೋ ಲಾಗ್ ಕೇಳಿದ್ರು. ಲಾಗ್ ತುಂಬಾ ಸಿಸ್‌ಪ್ರೋಗ್, ಸಿಸ್‌ಪ್ರೋಗ್, ಸಿಸ್‌ಪ್ರೋಗ್. ಅದು ಮಷೀನ್ ಜೊತೆಗೇ ಬಂದ ಐಡಿ, ಮೂರು ಶಿಫ್ಟಿನೋರೂ ಅದ್ರಲ್ಲೇ ಹೋಗೋದು, ಯಾಕಂದ್ರೆ ಬೇರೆ ಐಡಿ ಹೇಗೆ ಮಾಡೋದು ಅಂತ ಇರೋದು ಎಲ್ಲಿ ಅಂತ ನಿಮಗೇ ಗೊತ್ತು. ಮೇಡಂ ಸ್ಕ್ರೋಲ್ ಮಾಡ್ತಾ ಮಾಡ್ತಾ ಮುಖ ಸಪ್ಪೆ ಮಾಡ್ಕೊಂಡು, "ಇವ್ರು ರಾತ್ರಿ ಎರಡಕ್ಕೂ ಇದ್ದಾರೆ, ಬೆಳಗ್ಗೆ ಹತ್ತಕ್ಕೂ ಇದ್ದಾರೆ, ದೀಪಾವಳಿ ದಿನಾನೂ ಇದ್ದಾರೆ, ನೀವು ಈ ಮನುಷ್ಯನಿಗೆ ರಜಾನೇ ಕೊಡಲ್ವಾ?" ಅಂದ್ರು.

ಮ್ಯಾನೇಜರ್ ನನ್ನ ಮುಖ ನೋಡಿದ್ರು, ನಾನು ಸೀಲಿಂಗ್ ನೋಡಿದೆ.

"ಅವ್ರನ್ನ ಸ್ವಲ್ಪ ಕರೀರಿ, ಮಾತಾಡ್ಬೇಕು."

"ಮೇಡಂ, ಅವ್ರು ಅಂದ್ರೆ... ನಾವೇ. ಎಲ್ಲರೂ."

ಆಮೇಲೆ ಅರ್ಧ ಗಂಟೆ ಆ ರೂಮಲ್ಲಿ ಏಸಿ ಶಬ್ದ ಬಿಟ್ರೆ ಮೇಡಂ ಪೆನ್ನಿನ ಶಬ್ದ ಅಷ್ಟೇ.

ಡಾಕ್ಯುಮೆಂಟ್ ಕೊನೇಲಿ "ಸಂದೇಹಗಳಿದ್ದಲ್ಲಿ ಬರೆದವರನ್ನು ಸಂಪರ್ಕಿಸಿ" ಅಂತಿದೆ. ಬರೆದ ಸರ್ ರಿಟೈರ್ ಆಗಿ ಸಾಗರದ ಹತ್ರ ಅಡಿಕೆ ತೋಟ ನೋಡ್ಕೊಂಡಿದ್ದಾರೆ. ಫೋನ್ ಮಾಡಿದೆ.

"ಸರ್, ಆ ಸೆಕ್ಷನ್ 7 ಎಲ್ಲಿಟ್ಟಿದ್ದೀರಿ?"

"ಅದಾ? ಬರೀಬೇಕು ಅಂತಿತ್ತು ಮಾರಾಯ. ಅಷ್ಟ್ರಲ್ಲಿ ಒಂದು ಮೈಗ್ರೇಶನ್ ಬಂತು, ಆಮೇಲೆ ನಾನೇ ಹೊರಟೆ. ಈಗ್ಲೂ ಅದನ್ನ ಓದ್ತಾರಾ?"

"ಆಡಿಟರ್ ಓದಿದ್ರು ಸರ್."

"ಅಯ್ಯೋ ಪಾಪ," ಅಂದ್ರು, ಯಾರಿಗೆ ಅಂದ್ರೋ ಗೊತ್ತಾಗ್ಲಿಲ್ಲ. ಆಮೇಲೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡಿಸೋಕೆ ಜನ ಸಿಗ್ತಿಲ್ಲ ಅಂತ ಶುರು ಮಾಡಿದ್ರು. ಸುಣ್ಣ ಎಷ್ಟು, ಮೈಲುತುತ್ತ ಎಷ್ಟು, ಯಾವುದನ್ನ ಯಾವುದಕ್ಕೆ ಹುಯ್ಯಬೇಕು, ಮಳೆಗೆ ಮುಂಚೆ ಎಷ್ಟು ಬೇಗ, ಒಂದೂ ಬಿಡದೆ ಹೇಳಿದ್ರು. ಇದರಲ್ಲಿ ಕಾಲು ಭಾಗ ಎಚ್‌ಎಮ್‌ಸಿ ಬಗ್ಗೆ ಬರೆದಿದ್ರೆ!

ಕೊನೆಗೆ ಸೆಕ್ಷನ್ 7 ನನ್ನ ತಲೆಗೇ ಬಂತು. ಬರೆದೆ. ಒಬ್ಬೊಬ್ರಿಗೂ ಬೇರೆ ಐಡಿ, ನೋಡೋರಿಗೆ ನೋಡೋಷ್ಟೇ ಪರ್ಮಿಷನ್ನು, ಮಷೀನ್ ನಿಲ್ಲಿಸೋ ಥರದ ಕೆಲಸಕ್ಕೆ ಕೈ ಹಾಕಿದ್ರೆ ಮತ್ತೊಮ್ಮೆ ಪಾಸ್‌ವರ್ಡ್ ಕೇಳೋ ಸೆಟ್ಟಿಂಗು, ಪ್ರೊಡಕ್ಷನ್ ಎಲ್‌ಪಾರ್‌ಗೆ ಲಾಕು, ಎಚ್‌ಎಮ್‌ಸಿಗೆ ಆಫೀಸ್ ನೆಟ್‌ವರ್ಕ್ ಬಿಟ್ಟು ಬೇರೆ ನೆಟ್‌ವರ್ಕು, ಮಷೀನ್ ಬಿದ್ದಾಗ ಯಾವ ಅಡ್ರೆಸ್‌ನಿಂದ ಲೋಡ್ ಮಾಡ್ಬೇಕು ಅನ್ನೋವರೆಗೂ. ರಿವ್ಯೂಗೆ ಹೋಯ್ತು. ಒಬ್ರು ಲೋಗೋ ಎಡಕ್ಕಿರ್ಲಿ ಅಂದ್ರು, ಇನ್ನೊಬ್ರು ಬಲಕ್ಕೆ. ವಿಷಯದ ಬಗ್ಗೆ ಯಾರೂ ತುಟಿ ಪಿಟಕ್ ಅನ್ಲಿಲ್ಲ.

ಮ್ಯಾನೇಜರ್‌ಗೆ ಮಾತ್ರ ಭಾರಿ ಖುಷಿ. "ಇಷ್ಟೆಲ್ಲಾ ಇರೋ ಡಾಕ್ಯುಮೆಂಟನ್ನ ಶೇರ್ಡ್ ಡ್ರೈವಲ್ಲಿ ಬಿದ್ದಿರೋಕೆ ಬಿಡಬಾರ್ದು, ಸೇಫಾಗಿಡ್ಬೇಕು" ಅಂತ ಅವ್ರೇ ಮುತುವರ್ಜಿ ವಹಿಸಿ ಸೇರಿಸಿಟ್ರು. ಎಲ್ಲಿ ಅಂದ್ರೆ, ಮೇನ್‌ಫ್ರೇಮ್ ಒಳಗೆ, ರ‍್ಯಾಕ್‌ಎಫ್ ಕಾವಲಿರೋ ಫೈಲಲ್ಲಿ.

"ಸರ್, ಮಷೀನ್ ಬಿದ್ದಾಗ ಅಲ್ವಾ ಇದು ಬೇಕಾಗೋದು? ಆಗ ಓಪನ್ ಮಾಡೋದು ಹೇಗೆ?" ಅಂದೆ.

ಅವ್ರು ಒಂದು ನಿಮಿಷ ಯೋಚನೆ ಮಾಡಿ, "ಒಳ್ಳೇ ಪಾಯಿಂಟು, ಅದನ್ನೂ ಡಾಕ್ಯುಮೆಂಟಲ್ಲಿ ಹಾಕ್ಬಿಡಿ" ಅಂದ್ರು.

ಸೆಕ್ಷನ್ 8 ಈಗ ರಿವ್ಯೂನಲ್ಲಿದೆ.