ಸ್ಪಷ್ಟನೆ: ಊರು ನಿಧಾನ ಆಗಲು ಜಾಮ್ ಒಂದೇ ಕಾರಣವಲ್ಲ

"ನಮ್ಮ ನಗರಗಳಲ್ಲಿ ಗಾಡಿ ಓಡದಿರಲು ಜಾಮ್ ಒಂದೇ ಕಾರಣ, ವಿದೇಶಿ ವಿಶ್ವವಿದ್ಯಾಲಯವೇ ಹೇಳಿದೆ" ಎಂಬ ಮೆಸೇಜ್ ಬಳ್ಳಾರಿಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡ್ಯುರಾಂಟನ್ ಮತ್ತು ಮೂವರು ಜೊತೆಗಾರರು ಭಾರತದ 180 ನಗರಗಳ ಅಧ್ಯಯನವನ್ನು 2023ರಲ್ಲಿ ಪ್ರಕಟಿಸಿದರು. ಆನ್‌ಲೈನ್ ಮ್ಯಾಪ್‌ನಲ್ಲಿ 5.7 ಕೋಟಿ ಪ್ರಯಾಣಗಳ ಲೆಕ್ಕ ಹಾಕಿದರು. ಕಂಡದ್ದೇ ಬೇರೆ. ಒಂದೂರು ಇನ್ನೊಂದೂರಿಗಿಂತ ನಿಧಾನ ಆಗಲು ಜಾಮ್‌ಗಿಂತ, ರಸ್ತೆ ಖಾಲಿ ಇದ್ದಾಗಲೂ ಇರುವ ನಿಧಾನವೇ ಜಾಸ್ತಿ ಕಾರಣ.

ಜಾಮ್ ಸುಳ್ಳು ಅಂತಲ್ಲ. ಸಂಜೆ ರಾಯಲ್ ಸರ್ಕಲ್ ದಾಟಿದವರಿಗೆ ಗೊತ್ತು. ಆದರೆ ಬೆಳಿಗ್ಗೆ ಆರಕ್ಕೆ ಆಟೋ ಹತ್ತಿ ನೋಡಿ. ಗುಂಡಿ ಬಂತು, ಬ್ರೇಕ್. ಎಮ್ಮೆ ಅಡ್ಡ ಬಂತು, ಮತ್ತೆ ಬ್ರೇಕ್. (ಗುಂಡಿ, ಎಮ್ಮೆ ಅಧ್ಯಯನದ ಮಾತಲ್ಲ, ನಾನೇ ಕಂಡದ್ದು.) ಆಗ ಜಾಮ್ ಎಲ್ಲಿತ್ತು?

ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ.