ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್ 1996ರಲ್ಲಿ ದಾರಿ ಬದಲಿಸಿದ್ದು ಸರಿಯೇ?

ಪರ: ಹಾಡು ಊರಿನವರಿಗೆ ಮುಟ್ಟಿದ್ದೇ ಆಗ

ವೇಲ್ಸ್‌ನ ಈ ರಾಕ್ ಬ್ಯಾಂಡ್ 1996ರಲ್ಲಿ ಒರಟು ಅಬ್ಬರ ಬಿಟ್ಟು, ಪಿಟೀಲು ತುಂಬಿದ ನಯವಾದ ಹಾಡುಗಳ ಕಡೆ ತಿರುಗಿದ್ದು ಸರಿ. ನೂರಕ್ಕೆ ನೂರು ಸರಿ.

ಈ ಬ್ಯಾಂಡ್ ಹುಟ್ಟಿದ್ದು 1986ರಲ್ಲಿ, ದಕ್ಷಿಣ ವೇಲ್ಸ್‌ನ ಬ್ಲ್ಯಾಕ್‌ವುಡ್‌ನಲ್ಲಿ. ಅದು ಕಲ್ಲಿದ್ದಲು ಗಣಿಗಳ ಸೀಮೆ. 1984-85ರ ಗಣಿ ಕಾರ್ಮಿಕರ ಮುಷ್ಕರ ಸೋತಾಗ ಜೇಮ್ಸ್ ಡೀನ್ ಬ್ರಾಡ್‌ಫೀಲ್ಡ್, ನಿಕಿ ವೈರ್, ಶಾನ್ ಮೂರ್, ರಿಚಿ ಎಡ್ವರ್ಡ್ಸ್ ನಾಲ್ವರೂ ಹದಿಹರೆಯದ ಹುಡುಗರು. ಅವರು ಓದಿದ್ದು ಪಕ್ಕದ ಓಕ್‌ಡೇಲ್‌ನ ಶಾಲೆಯಲ್ಲಿ. ಆ ಊರಿನ ಗಣಿಯೂ 1989ರಲ್ಲಿ ಮುಚ್ಚಿಹೋಯಿತು. ಸಿಟ್ಟು ಬರದೇ ಇರುತ್ತಾ? ಕಣ್ಣಿಗೆ ಕಾಡಿಗೆ, ಘೋಷಣೆ ಬರೆದ ಅಂಗಿ, ಒರಟು ರಾಕ್ ಆದ ಪಂಕ್‌ನ ಅಬ್ಬರ. 1992ರ ಮೊದಲ ಆಲ್ಬಮ್‌ನಲ್ಲೇ 18 ಹಾಡು. ಅದನ್ನು ಕೋಟಿಗಟ್ಟಲೆ ಮಾರಿ, ಆಮೇಲೆ ಬ್ಯಾಂಡನ್ನೇ ಮುಚ್ಚುತ್ತೇವೆ ಎಂದು ಸಾರಿದ್ದರು.

ಆದರೆ ಆ ಸಿಟ್ಟನ್ನು ಕೇಳಿಸಿಕೊಂಡವರು ಯಾರು? ಸಂಗೀತ ಪತ್ರಿಕೆ ಓದುವವರು. ಗಣಿ ಕಳೆದುಕೊಂಡ ಮನೆಗಳಲ್ಲಿ ಆ ಹಾಡು ಎಷ್ಟು ಜನ ಹಾಕಿದ್ದರು? 1994ರ ಆಲ್ಬಮ್ 'ದ ಹೋಲಿ ಬೈಬಲ್' ಇನ್ನೂ ಕಠಿಣ. ಉಪವಾಸ ಬಿದ್ದು ಕೃಶವಾಗುವ ದೇಹ, ಯಹೂದಿಗಳ ನರಮೇಧ, ಮರಣದಂಡನೆ. ಬೇಕಾದರೆ ಒಂದು ಸಲ ಕೇಳಬಹುದು. ಅದರ ಜೊತೆ ದಿನಾ ಬದುಕುವುದಕ್ಕೆ ಆಗುತ್ತಾ?

ಇನ್ನು 1996ರ 'ಎ ಡಿಸೈನ್ ಫಾರ್ ಲೈಫ್' ಕೇಳಿ. ಗಿಟಾರ್ ಒಂದೊಂದೇ ತಂತಿ ಬಿಡಿಸುತ್ತಾ ನಿಧಾನವಾಗಿ ಶುರುವಾಗುತ್ತದೆ. ಆಮೇಲೆ ಪಿಟೀಲುಗಳ ಗುಂಪು ಬಂದು ಇಡೀ ಹಾಡನ್ನು ಎತ್ತಿಬಿಡುತ್ತದೆ. ಮೊದಲ ಸಾಲಿನಲ್ಲೇ ಲೈಬ್ರರಿಯ ಮಾತು. ಓದು ಬಡವರಿಗೆ ಕೊಟ್ಟ ಬಲದ ಮಾತು.

ನಾನು ಕಾರ್ಡಿಫ್‌ನಲ್ಲಿ ಓದುವಾಗ ಬಾಡಿಗೆಗಿದ್ದ ಮನೆಯ ಅಜ್ಜಿ ಗಣಿಗಳಿದ್ದ ಕಣಿವೆ ಕಡೆಯವರು. ರಾಕ್ ಸಂಗೀತ ಅಂದರೆ ಅವರಿಗಾಗದು. ನಾನು ಜೋರಾಗಿ ಏನಾದರೂ ಹಾಕಿದರೆ ಗೋಡೆ ತಟ್ಟುತ್ತಿದ್ದರು. ಒಂದು ಸಂಜೆ ಅಡುಗೆಮನೆಯ ರೇಡಿಯೋದಲ್ಲಿ ಈ ಹಾಡು ಬಂತು. ಅಜ್ಜಿ ಆಲೂಗಡ್ಡೆ ಸುಲಿಯುತ್ತಿದ್ದವರು ಚಾಕು ಕೆಳಗಿಟ್ಟು, ರೇಡಿಯೋ ಸದ್ದು ಜಾಸ್ತಿ ಮಾಡಿದರು. ಹಾಡು ಮುಗಿದ ಮೇಲೆ ಅವರ ಅಪ್ಪನ ಕಥೆ ಶುರು. ಅಪ್ಪ ಹದಿನಾಲ್ಕಕ್ಕೆ ಗಣಿಗೆ ಇಳಿದವರು. ವಾರದ ಕೂಲಿಯಲ್ಲಿ ಇಷ್ಟು ಪೆನ್ನಿ ಅಂತ ಕಾರ್ಮಿಕರ ಇನ್‌ಸ್ಟಿಟ್ಯೂಟಿಗೆ ಹೋಗುತ್ತಿತ್ತಂತೆ. ಆ ದುಡ್ಡಿನಲ್ಲೇ ಅಲ್ಲಿಗೆ ಪುಸ್ತಕ ಬರುತ್ತಿತ್ತು. ಪಾಳಿ ಮುಗಿಸಿ ಸ್ನಾನ ಮಾಡಿ ಅಪ್ಪ ಹೋಗುತ್ತಿದ್ದುದು ಅಲ್ಲಿಗೇ. ಮಗಳಿಗೆ ಓದಲು ಕಲಿಸಿದ್ದೂ ಅಲ್ಲಿಂದ ತಂದ ಪುಸ್ತಕದಲ್ಲಿ. "ನಮ್ಮಪ್ಪನ ಬಗ್ಗೆ ಯಾರೂ ಹಾಡು ಬರೆದಿರಲಿಲ್ಲ. ಈ ಹುಡುಗರು ಬರೆದರು," ಅಂದರು ಅಜ್ಜಿ. ಹೇಳಿ, ಅದೇ ಮಾತನ್ನು ಹಳೆಯ ಅಬ್ಬರದಲ್ಲಿ ಕಿರುಚಿದ್ದರೆ ಅಜ್ಜಿ ಚಾಕು ಕೆಳಗಿಡುತ್ತಿದ್ದರಾ? ಗೋಡೆ ತಟ್ಟುತ್ತಿದ್ದರು, ಅಷ್ಟೇ.

ಆ ಹಾಡು ಬ್ರಿಟನ್ನಿನ ಹಾಡುಗಳ ಮಾರಾಟದ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. 2009ರಲ್ಲಿ ಕಾರ್ಡಿಫ್‌ನ ಹೊಸ ಕೇಂದ್ರ ಗ್ರಂಥಾಲಯವನ್ನು ಉದ್ಘಾಟಿಸಿದ್ದು ಇದೇ ಬ್ಯಾಂಡ್. ಒಂದು ರಾಕ್ ಬ್ಯಾಂಡಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ?

1995ರಲ್ಲಿ ರಿಚಿ ಕಾಣೆಯಾದ ಮೇಲೆ ಹೀಗಾಯಿತು ಎನ್ನುವವರಿದ್ದಾರೆ. ಅವರಿಗೆ ಬೇಕಿರುವುದು ಈ ಹುಡುಗರು ಸಾಯುವ ತನಕ 1994ರ ಕತ್ತಲಲ್ಲೇ ಕೂತಿರುವುದು. ಮಿತ್ರನನ್ನು ಕಳೆದುಕೊಂಡ ಮೂವರಿಗೆ ಬೆಳಕಿನ ಕಡೆ ತಿರುಗುವ ಹಕ್ಕಿಲ್ಲವಾ?

ವಿರೋಧ: ಮಾತಿಗೆ ತಕ್ಕ ಸದ್ದು ಮೊದಲಿನದೇ

ವಿರೋಧದ ಪಾಳಿ ನನ್ನ ಪಾಲಿಗೆ ಬಂದಿದೆ. 1996ರ ಆ ಹಾಡು ನನಗೂ ಇಷ್ಟ, ಅದರ ಬಗ್ಗೆ ಜಗಳವಿಲ್ಲ. ಆದರೂ ಬದಲಾವಣೆಯಿಂದ ಕಳೆದುಹೋದದ್ದು ಒಂದಿದೆ. ಅದನ್ನು ಹೇಳಲೇಬೇಕು.

ಈ ಬ್ಯಾಂಡಿನಲ್ಲಿ ಮೊದಲು ಸಾಹಿತ್ಯ, ಆಮೇಲೆ ಸಂಗೀತ. ರಿಚಿ ಮತ್ತು ನಿಕಿ ಬರೆಯುತ್ತಿದ್ದರು. ಜೇಮ್ಸ್ ಮತ್ತು ಶಾನ್ ರಾಗ ಹಾಕುತ್ತಿದ್ದರು. 'ದ ಹೋಲಿ ಬೈಬಲ್'ನ ಹೆಚ್ಚಿನ ಸಾಹಿತ್ಯ ರಿಚಿಯದು. ಆ ಸಾಲುಗಳು ಯಾವ ತಾಳಕ್ಕೂ ಸುಲಭವಾಗಿ ಕೂರುವಂಥವಲ್ಲ. ಜೇಮ್ಸ್ ಹಾಡುವುದನ್ನು ಗಮನಿಸಿ ಕೇಳಿ. ವಾಕ್ಯ ನಡುವೆ ತುಂಡಾಗುತ್ತದೆ, ಸಿಗಬಾರದ ಜಾಗದಲ್ಲಿ ಉಸಿರು ಸಿಗುತ್ತದೆ, ಮಾತು ತಾಳದಿಂದ ಆಚೆ ಚೆಲ್ಲುತ್ತದೆ. ಆ ಇಕ್ಕಟ್ಟೇ ಆ ಆಲ್ಬಮ್‌ನ ಸಂಗೀತ. ರೆಕಾರ್ಡಿಂಗ್‌ಗೆ ಕಂಪನಿ ಬಾರ್ಬಡೋಸ್ ಸೂಚಿಸಿದರೂ ಬೇಡವೆಂದು ಕಾರ್ಡಿಫ್‌ನ ಒಂದು ಚಿಕ್ಕ, ಅಗ್ಗದ ಸ್ಟುಡಿಯೋ ಆರಿಸಿದರು. ಹಾಡುಗಳಿಗೆ ಆ ಗೋಡೆಗಳೇ ಬೇಕಿದ್ದವು.

1995ರ ಫೆಬ್ರವರಿ 1ರಂದು ರಿಚಿ ಲಂಡನ್ನಿನ ಹೋಟೆಲಿನಿಂದ ಹೊರಟವರು ಮತ್ತೆ ಸಿಗಲಿಲ್ಲ. ಅವರ ಕಾರು ಸೆವರ್ನ್ ಸೇತುವೆಯ ಹತ್ತಿರ ಸಿಕ್ಕಿತು. ಮುಂದಿನ ವರ್ಷದ 'ಎವ್ರಿಥಿಂಗ್ ಮಸ್ಟ್ ಗೋ' ಆಲ್ಬಮ್‌ನಲ್ಲಿ ಅವರು ಬಿಟ್ಟುಹೋದ ಕೆಲವು ಸಾಹಿತ್ಯ ಇದೆ. ಅವು ಚೆನ್ನಾಗಿವೆ. ಆದರೆ ಈಗ ಸಾಲುಗಳು ರಾಗದೊಳಗೆ ನೆಟ್ಟಗೆ ಕೂರುತ್ತವೆ, ಪಿಟೀಲು ಅಂಚುಗಳನ್ನು ನಯ ಮಾಡುತ್ತದೆ. 1998ರ ಹೊತ್ತಿಗೆ ಲಯ ಇನ್ನೂ ನಿಧಾನವಾಯಿತು. ಮಾರಾಟ ಏರಿತು, ಬಿಡಿಯಾಗಿ ಬಿಟ್ಟ ಹಾಡು (ಸಿಂಗಲ್) ಒಂದು ಮೊದಲ ಸ್ಥಾನಕ್ಕೂ ಹೋಯಿತು. ಅಬ್ಬರ ಇಳಿಯಿತು.

ಬೆಳಕಿನ ಕಡೆ ತಿರುಗುವ ಹಕ್ಕು ಅವರಿಗೆ ಖಂಡಿತ ಇದೆ. ಆದರೆ ಅವರೇ ಏನು ಮಾಡಿದರು ನೋಡಿ. ಕಾಣೆಯಾಗುವ ಮೊದಲು ರಿಚಿ ಉಳಿದವರಿಗೆ ಸಾಹಿತ್ಯದ ಕಟ್ಟೊಂದನ್ನು ಕೊಟ್ಟಿದ್ದರು. 2009ರಲ್ಲಿ ಇಡೀ ಒಂದು ಆಲ್ಬಮ್ಮನ್ನು ಅದರಿಂದಲೇ ಮಾಡಿದರು. ಪಾಲಿಶ್ ಮಾಡದೆ ಇದ್ದದ್ದನ್ನು ಇದ್ದ ಹಾಗೆ ಟೇಪಿಗೆ ಇಳಿಸುತ್ತಿದ್ದ ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಆಲ್ಬಿನಿಯನ್ನು ಕರೆಸಿ, ವೇಲ್ಸ್‌ನ ಮಾನ್ಮತ್ ಹತ್ತಿರದ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದರು. ಮತ್ತೆ ಒರಟು ಗಿಟಾರ್, ಮತ್ತೆ ಇಕ್ಕಟ್ಟಿನ ಸಾಲು. ಆ ಮಾತುಗಳಿಗೆ ಯಾವ ಸದ್ದು ಬೇಕು ಅಂತ ಅವರಿಗೆ ಗೊತ್ತಿತ್ತು. ರೇಡಿಯೋಗೆಂದು ಅದರಿಂದ ಒಂದು ಸಿಂಗಲ್ಲನ್ನೂ ಬಿಡಲಿಲ್ಲ.