ಸತ್ತ ಮೇಲೂ ಅರವತ್ತು ವರ್ಷ ಯಾಕೆ?

ಕೃತಿಸ್ವಾಮ್ಯ (ಕಾಪಿರೈಟ್) ಇಲ್ಲದಿದ್ದರೆ ಯಾರೂ ಬರೆಯುವುದೇ ಇಲ್ಲ ಅನ್ನುತ್ತದೆ ನಾನು ಓದಿದ ಒಂದು ಲೇಖನ. ಅದನ್ನು ಬರೆದವರಿಗೆ ನನ್ನ ಉತ್ತರ ಇದು. ಹಾಗಾದರೆ ವಚನಕಾರರಿಗೆ ರಾಯಲ್ಟಿ ಕೊಟ್ಟವರು ಯಾರು ಸಾರ್?

ಆದರೂ ಕಾನೂನು ಬೇಡ ಅನ್ನಲಾರೆ. ನನ್ನ ಗೆಳೆಯನೊಬ್ಬ ಸಾಲ ಮಾಡಿ ಕಥಾಸಂಕಲನ ಅಚ್ಚು ಹಾಕಿಸಿದ. ತಿಂಗಳೊಳಗೆ ಅದರ ಪಿಡಿಎಫ್ ನಮ್ಮದೇ ವಾಟ್ಸ್ಆ್ಯಪ್ ಗುಂಪಿಗೆ ಬಂತು, ಕೆಳಗೆ ಸಾಲು ಸಾಲು ಕೈಮುಗಿದ ಇಮೋಜಿ. ಪುಸ್ತಕದ ಕಟ್ಟುಗಳು ಇನ್ನೂ ಅವನ ಮಂಚದ ಕೆಳಗಿವೆ.

ನನ್ನ ತಕರಾರು ಅವಧಿಯದ್ದು. ನಮ್ಮಲ್ಲಿ ಮೊದಲು ಲೇಖಕರು ತೀರಿಕೊಂಡ ಮೇಲೆ 50 ವರ್ಷ ಇತ್ತು. ಟಾಗೋರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯುವುದಿತ್ತು, ಆಗ ಅದನ್ನು 60ಕ್ಕೆ ಏರಿಸಿದರು. ಸತ್ತವರು ಇನ್ನೊಂದು ಪುಸ್ತಕ ಬರೆಯುತ್ತಾರಾ? ಲಾಭ ಯಾರಿಗೆ ಅಂತ ಯೋಚಿಸಿ. ಮೊಮ್ಮಕ್ಕಳಲ್ಲಿ ಒಪ್ಪಂದ ಆಗದೆ ಮರುಮುದ್ರಣವೇ ನಿಂತುಹೋಗುವುದೂ ಉಂಟು.

ಈ ಹಕ್ಕಿನ ಮಿತಿಯ ವಿಷಯಕ್ಕೆ ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಕೇಸು ನೆನಪಿಸಿಕೊಳ್ಳಬೇಕು. ಉಯಿಲಿನ ಮೂಲಕ ಹಕ್ಕು ಪಡೆದವರು, ಅನುಮತಿ ಇಲ್ಲದೆ ಆಡಿಸಿದರೆಂದು ಮಣಿಪಾಲದ ಸಂಸ್ಥೆಯ ಮೇಲೆ ಕೋರ್ಟಿಗೆ ಹೋದರು. ಅದು ಸುಪ್ರೀಂ ಕೋರ್ಟ್ ತನಕ ಹೋಯಿತು. 2009ರಲ್ಲಿ ಕೋರ್ಟ್ ಅವರ ಹಕ್ಕನ್ನು ಒಪ್ಪಿತು. ಜೊತೆಗೆ, ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನ ವಿನಾಯಿತಿಗಳೊಳಗೆ ಬರುವ ಪ್ರದರ್ಶನಕ್ಕೆ, ಅನುಮತಿ ಇಲ್ಲದೆ ಆಡಬಾರದೆಂಬ ತಡೆ ಅನ್ವಯಿಸದು ಎಂದೂ ಹೇಳಿತು. ಅಂದರೆ ಟಿಕೆಟ್ ಇಲ್ಲದೆ ಹವ್ಯಾಸಿಗಳು ಆಡುವುದು, ಶಾಲೆ-ಕಾಲೇಜಿನವರು ತಮ್ಮವರ ಮುಂದೆ ಆಡುವುದು, ಇಂಥದ್ದಕ್ಕೆಲ್ಲ ದಾರಿ ಇದೆ. ಲೇಖನದಲ್ಲಿ ಈ 52ನೇ ಕಲಮಿನ ಹೆಸರೇ ಇಲ್ಲ, ಅಲ್ವಾ?